ಸೇತುವೆ ಬಾಯಿಯ ಕೈಮರ

ಕಣಿವೆಯ ಮೇಲಿನ ಎತ್ತರದ ಸೇತುವೆಗೆ ಇದ್ದದ್ದು ಒಂದೇ ಹಳಿ. ಎರಡೂ ದಡದ ಗಾಡಿಗಳು ಅದರ ಮೇಲೆಯೇ ದಾಟಬೇಕಿತ್ತು. ಹೊಸದಾಗಿ ಬಂದ ಎಂಜಿನ್ನೊಂದು ಸೇತುವೆಯ ಬಾಯಲ್ಲಿ ನಿಂತು, 'ನಿಲ್ಲು' ಎಂದು ಕೈ ಅಡ್ಡ ಚಾಚಿದ್ದ ಮುದಿ ಸಿಗ್ನಲ್ ಕೈಮರವನ್ನು ನೋಡಿ ಬುಸುಗುಟ್ಟಿತು.

"ಅಜ್ಜ, ಬೆಳಗಿನಿಂದ ಚಾಚಿದ ಕೈ ನೋಯುತ್ತಿರಬೇಕು. ತುಸು ಇಳಿಸಿ."

"ನೋವೇನೋ ಇದೆ ಮಹಾರಾಯ. ಆದರೆ ಆಚೆ ದಡದಲ್ಲಿ ನನ್ನ ತಮ್ಮ ಕೈ ಇಳಿಸಿದ್ದಾನೆ. ಅವನು ಎತ್ತುವವರೆಗೆ ನಾನು ಇಳಿಸುವಂತಿಲ್ಲ."

"ನನ್ನಂಥ ಬಲಶಾಲಿಯನ್ನು ಒಂದು ಮರದ ಹಲಗೆ ತಡೆಯುತ್ತದೆಯೇ?"

"ಎಲ್ಲಾದರೂ ಉಂಟೇ! ನನ್ನ ಕೈಯಡಿಯಲ್ಲೇ ತಾವು ನುಸುಳಬಹುದು," ಎಂದಿತು ಕೈಮರ, ಬಲು ವಿನಯದಿಂದ. "ಹೊರಡುವ ಮುನ್ನ ಹಳಿಗೆ ಸ್ವಲ್ಪ ಕಿವಿಗೊಡಿ."

ಎಂಜಿನ್ ಕಿವಿಗೊಟ್ಟಿತು. ಹಳಿ ಗಡಗಡ ನಡುಗುತ್ತಿತ್ತು. ಅಷ್ಟರಲ್ಲಿ ಮೇಲ್ ಗಾಡಿಯೊಂದು ಸೇತುವೆಯ ಮೇಲಿಂದ ಧಡಧಡನೆ ಬಂದು, ಸೇತುವೆ ಮುಗಿದಲ್ಲಿ ಕವಲೊಡೆದ ಪಕ್ಕದ ಹಳಿಗೆ ಹೊರಳಿ, ಎಂಜಿನ್ನಿನ ಮುಖಕ್ಕೆ ಮಸಿ ಎರಚಿ ಹೋಯಿತು. ಎಂಜಿನ್ ಹೆದರಿ ಇದ್ದ ಹಬೆಯನ್ನೆಲ್ಲ ಬಿಟ್ಟುಬಿಟ್ಟಿತು.

ಆಚೆ ದಡದ ತಮ್ಮ ಕೈ ಎತ್ತಿದ ಮೇಲೆ ಕೈಮರ ತನ್ನ ಕೈ ಇಳಿಸಿ, "ಈಗ ದಯಮಾಡಿಸಿ" ಎಂದಿತು.

ಒಳಗಿದ್ದ ಡ್ರೈವರ್ ಹಿಡಿಯನ್ನು ಎಷ್ಟು ಎಳೆದರೂ ಎಂಜಿನ್ ಕದಲಲಿಲ್ಲ.

"ಅವಸರವೇನಿಲ್ಲ ಅಜ್ಜ," ಎಂದಿತು ಮೆಲ್ಲಗೆ. "ಇನ್ನೂ ಯಾರಾದರೂ ಬರುವವರಿದ್ದರೆ ಬಂದುಬಿಡಲಿ."