ಎರಡನೆಯ ಹಂತದ ಸವಾರ

"ಬುದ್ಧೀ, ನಾನು ಈಗ ಎಷ್ಟನೆಯ ಹಂತದಲ್ಲಿದ್ದೇನೆ?"

ಇದನ್ನು ಕೇಳಲು ಹಾಲಯ್ಯ ಮೂರು ದಿನದಿಂದ ಒದ್ದಾಡುತ್ತಿದ್ದ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅವನಿಗಿಂತ ಐದು ವರ್ಷ ತಡವಾಗಿ ಬಂದ ರೇವಯ್ಯನನ್ನು ಗುರುಗಳು ಹೊಳೆಯಾಚೆಯ ಹೊಸ ಮಠ ನಡೆಸಲು ಆರಿಸಿದ್ದರು. ಹೇಗೆಂದು ಹಾಲಯ್ಯನಿಗೆ ತಲೆಬುಡ ತಿಳಿಯಲಿಲ್ಲ. ರೇವಯ್ಯ ಪಾಠ ಒಪ್ಪಿಸುವಾಗ ತಡವರಿಸುವವನು, ನಡುವೆ ನಿಂತು ಅರ್ಥ ಕೇಳುವವನು. ಹಾಲಯ್ಯ ಎಲ್ಲೂ ನಿಂತವನಲ್ಲ.

"ನಾಲ್ಕು ಗ್ರಂಥಗಳನ್ನೂ ಅರೆದು ಕುಡಿದಿದ್ದೇನೆ ಬುದ್ಧಿ. ಮನಸ್ಸು ಅಡುಗೆಮನೆಯಲ್ಲಿದ್ದರೂ ಒಂದಕ್ಷರ ತಪ್ಪುವುದಿಲ್ಲ. ಹೊಸ ಮಠಕ್ಕೆ ನಾನೇಕೆ ಬೇಡ? ಹೇಳಿಬಿಡಿ. ಇಲ್ಲವಾದರೆ ಊರಿಗೆ ಹೊರಟುಹೋಗುತ್ತೇನೆ." ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು.

ಗುರುಗಳು ಗಂಟಿನ ಕಡೆ ನೋಡಿದರು. "ಕೂತ್ಕೋ. ಒಂದು ಕತೆ ಕೇಳಿಕೊಂಡು ಹೋಗುವೆಯಂತೆ" ಎಂದು ಶುರುಮಾಡಿದರು.

ಒಂದು ರಾಜ್ಯದಲ್ಲಿ ಕುದುರೆ ಸವಾರಿ ಕಲಿಯುವವರಿಗೆ ನಾಲ್ಕು ಹಂತದ ಪರೀಕ್ಷೆ ಇತ್ತು. ಓಡಿ ಗೆಲ್ಲುವ ಪಂದ್ಯವಲ್ಲ ಅದು. ಒಂದು ಉದ್ದನೆಯ ಕಣ, ಅದರ ಸುತ್ತ ಅಕ್ಷರ ಬರೆದ ಕಂಬಗಳು. ಯಾವ ಅಕ್ಷರದ ಬಳಿ ನಡೆಸಬೇಕು, ಯಾವುದರ ಬಳಿ ಓಡಿಸಬೇಕು, ಎಲ್ಲಿ ಸುತ್ತು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಬರೆದು ಕೊಡುತ್ತಿದ್ದರು. ಒಂದೊಂದು ನಡೆಗೂ ಹತ್ತಕ್ಕೆ ಇಷ್ಟೆಂದು ಅಂಕ. ಮೊದಲ ಹಂತದಲ್ಲಿ ನಡಿಗೆ ಮತ್ತು ಕುಲುಕು ಓಟ. ಎರಡನೆಯದರಲ್ಲಿ ಅದೇ, ಜೊತೆಗೆ ದೌಡು. ಮೂರನೆಯದರಲ್ಲಿ ಕುದುರೆ ಅಡ್ಡಹೆಜ್ಜೆ ಹಾಕಬೇಕು. ನಾಲ್ಕನೆಯದರ ಸುದ್ದಿ ನಮಗೆ ಬೇಡ, ಅಲ್ಲಿಗೆ ಹೋದವರೇ ಕಡಿಮೆ. ಆದರೆ ಎಲ್ಲ ಹಂತಗಳ ಆರಂಭ ಒಂದೇ. ಬಾಗಿಲಿನಿಂದ ನೇರವಾಗಿ ನಡುವಿಗೆ ಬರಬೇಕು, ಕುದುರೆಯನ್ನು ನಿಲ್ಲಿಸಬೇಕು, ಪರೀಕ್ಷಕರಿಗೆ ನಮಸ್ಕರಿಸಬೇಕು.

ಅಲ್ಲಿ ಒಬ್ಬ ಸವಾರನಿದ್ದ. ಒಂದು ಹೆಣ್ಣುಕುದುರೆಯನ್ನು ಮರಿಯಿಂದ ಸಾಕಿದ್ದ. ಅದೆಂದರೆ ಅವನಿಗೆ ಪ್ರಾಣ. ಲಾಯದ ನಿಯಮ ಹೀಗಿತ್ತು: ಎರಡನೆಯ ಹಂತ ದಾಟಿದವನಿಗೆ ಅವನ ಕುದುರೆ ಉಳಿಯುತ್ತದೆ, ದಾಟದವನ ಕುದುರೆ ಬೇರೊಬ್ಬನ ಪಾಲಾಗುತ್ತದೆ.

ಎರಡನೆಯ ಹಂತದ ಹಾಳೆ ನೋಡಿ ಸವಾರನಿಗೆ ತಲೆ ಗಿರ್ರೆಂದಿತು. ತಿಳಿದವರನ್ನು ಕೇಳಿದ. ಒಬ್ಬ ಲಗಾಮು ಸಡಿಲ ಬಿಡು ಎಂದ. ಇನ್ನೊಬ್ಬ ಬಿಗಿ ಹಿಡಿ ಎಂದ. ಲಾಯದ ಮುದುಕನೊಬ್ಬ ಮಾತ್ರ, ತುಂಡು ತುಂಡಾಗಿ ಕಲಿ, ಪೂರ್ತಿ ಪರೀಕ್ಷೆಯನ್ನು ದಿನಾ ಓಡಿಸಬೇಡ ಎಂದ. ಏಕೆಂದು ಅವನು ಹೇಳಲಿಲ್ಲ, ಇವನು ಕೇಳಲೂ ಇಲ್ಲ. ಕೇಳುವುದೆಂದರೆ ನಮ್ಮ ಜನಕ್ಕೆ ಮೊದಲಿಂದಲೂ ನಾಚಿಕೆ. ಬಾಯಿಪಾಠಕ್ಕಿಂತ ದೊಡ್ಡ ವಿದ್ಯೆ ಯಾವುದಿದೆ ಎಂದುಕೊಂಡು, ನಲವತ್ತು ದಿನ, ದಿನಕ್ಕೆ ಮೂರು ಸಲ, ಬಾಗಿಲಿನಿಂದ ಕೊನೆಯ ನಮಸ್ಕಾರದವರೆಗೆ ಅದನ್ನೇ ಓಡಿಸಿದ.

ಪರೀಕ್ಷೆಯ ದಿನ ಹೂವಿನ ಸರ ಎತ್ತಿದ ಹಾಗೆ ಎಲ್ಲವೂ ನಡೆಯಿತು. ಅವನು ಕಾಲು ಒತ್ತುವ ಮೊದಲೇ ಕುದುರೆ ತಿರುಗಿತು. ಲಗಾಮು ಎಳೆಯುವ ಮೊದಲೇ ನಿಂತಿತು. ಸವಾರ ಬೀಗಿದ.

ಪರೀಕ್ಷಕಿ ಸವಾರಿಯಲ್ಲೇ ತಲೆ ನರೆತ ಹೆಂಗಸು. ಅವಳು ಬರೆಯುವುದನ್ನು ನಿಲ್ಲಿಸಿ, "ಇನ್ನೊಂದು ಸಲ ಮಾಡಿ. ಈ ಸಲ 'ಚ' ಕಂಬದ ಹತ್ತಿರ ಸುತ್ತು ಬೇಡ, ನೇರ ಹೋಗಿ" ಎಂದಳು.

ಅಷ್ಟೇ ಬದಲಾವಣೆ. ಸವಾರ ಹೊರಟ. 'ಚ' ಕಂಬ ಬಂತು. ಕುದುರೆ ಸುತ್ತು ಹಾಕಿತು. ಅವನು ಲಗಾಮು ಎಳೆದ, ಕಾಲು ಒತ್ತಿದ, ಹೆಸರು ಹಿಡಿದು ಬೇಡಿಕೊಂಡ. ಅದು ಸುತ್ತು ಮುಗಿಸಿತು, ಮುಂದಿನ ಕಂಬದಿಂದ ದೌಡಾಯಿಸಿತು, ಕಲಿತದ್ದನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸಿ ಕೊನೆಗೆ ಕಣದ ನಡುವೆ ಬಂದು ನಿಂತಿತು. ಸವಾರನ ಕೈ ತಾನಾಗಿಯೇ ನಮಸ್ಕಾರ ಮಾಡಿತು.

"ಕುದುರೆ ತೇರ್ಗಡೆ. ಅದು ಮೂರನೆಯ ಹಂತಕ್ಕೆ ಹೋಗಲಿ" ಎಂದಳು ಪರೀಕ್ಷಕಿ. "ನೀವು ನಾಳೆಯಿಂದ ಬೇರೆ ಕುದುರೆ ಹತ್ತಿ ಮೊದಲನೆಯ ಹಂತಕ್ಕೆ ಬನ್ನಿ."

"ಅಮ್ಮಾ, ಮೊದಲ ಸಲ ಒಂದೂ ತಪ್ಪಲಿಲ್ಲವಲ್ಲ!"

"ತಪ್ಪಲಿಲ್ಲ. ಆದರೆ ಅದರಲ್ಲಿ ನೀವು ಮಾಡಿದ್ದು ಯಾವುದು ಅಂತ ನನಗೆ ಕಾಣಲಿಲ್ಲ."

ಲಾಯದವರು ಬಂದು ಕುದುರೆಯನ್ನು ಹಿಡಿದುಕೊಂಡು ಹೋದರು. ಅದು ಅವರ ಜೊತೆಗೂ ಸುಮ್ಮನೆ ಹೋಯಿತು. ಸವಾರ ಕಣದಲ್ಲೇ ಉಳಿದ. ಎಲ್ಲಿ ತಪ್ಪಿದೆ ಎಂದು ಒಂದೊಂದು ಕಂಬವನ್ನೂ ತಿರುತಿರುಗಿ ನೋಡಿದ. ಆ ದಿನ ಅವನಿಗೆ ಏನೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹಾಲಯ್ಯನಿಗೆ ಆ ಸವಾರನ ಮೇಲೆ ಕನಿಕರವಾಯಿತು, ಪರೀಕ್ಷಕಿಯ ಮೇಲೆ ಸಿಟ್ಟೂ ಬಂತು. ಆದರೆ ತಾನು ಕೇಳಿದ್ದೇನು, ಇವರು ಹೇಳಿದ್ದೇನು ಎಂದು ತಲೆ ಗೊಂದಲದ ಗೂಡಾಯಿತು. ಉತ್ತರ ಕತೆಯಲ್ಲೇ ಎಲ್ಲೋ ಕೈತಪ್ಪಿತೆಂದು ಅದನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಒಪ್ಪಿಸಿ ನೋಡಿದ. ಒಂದು ಮಾತೂ ಬಿಟ್ಟುಹೋಗಿರಲಿಲ್ಲ.

"ಅವನಿಗೆ ಅನ್ಯಾಯವಾಯಿತು ಬುದ್ಧಿ. ಅದಿರಲಿ, ಕುದುರೆಗೂ ನನಗೂ ಏನು ಸಂಬಂಧ? ಹೊಸ ಮಠಕ್ಕೆ ನನ್ನನ್ನು ಕಳಿಸುತ್ತೀರೋ ಇಲ್ಲವೋ, ಅಷ್ಟು ಹೇಳಿ."

ಗುರುಗಳು ಹೇಳಿದರು: "ನಿನ್ನ ನಾಲಿಗೆಯನ್ನು ನಾಳೆಯೇ ಕಳಿಸಬಹುದು ಕಣಪ್ಪ, ನಿನ್ನನ್ನು ಏನು ಮಾಡಲಿ?"