ಮನೆಯಲ್ಲಿರುವವರು ನಾಲ್ಕು ಜನ

ಹೊಳೆ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಅಡುಗೆಮನೆ. ದೇವರು ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದರೆ ಗುರುಗಳು ಕೈ ತೋರಿಸುತ್ತಿದ್ದದ್ದು ಅಡುಗೆಮನೆಯ ಕಡೆಗೇ.

ಅವರ ಹೆಸರು ಗುರುಸಿದ್ಧಸ್ವಾಮಿಗಳು. ಆ ಸೀಮೆಯವರೆಲ್ಲ ಅವರನ್ನು ಕರೆಯುವುದು ಬರೀ 'ಬುದ್ಧಿ' ಎಂದು. ವಯಸ್ಸು ಎಂಬತ್ತರ ಹತ್ತಿರ, ನಡೆಯುವುದು ನಿಧಾನ, ಗಮನಿಸುವುದು ಮಾತ್ರ ಬಲು ಚುರುಕು.

ಶಿಷ್ಯ ಚೆನ್ನಂಜಯ್ಯ ಅಡುಗೆಮನೆ ವಹಿಸಿಕೊಂಡು ಒಂಬತ್ತು ವರ್ಷವಾಗಿತ್ತು. ಬೆಟ್ಟದ ದೇವರ ದರ್ಶನಕ್ಕೆ ನಡೆದುಕೊಂಡು ಹೋಗುವವರು ಬೆಳಗ್ಗೆ ಹೊಳೆಯಲ್ಲಿ ಮಿಂದು ಮಠಕ್ಕೆ ಬರುತ್ತಾರೆ. ಬಂದವರಿಗೆಲ್ಲ ಹೆಸರುಕಾಳಿನ ದೋಸೆ. ಯಾರು ಎಂದು ಕೇಳುವುದಿಲ್ಲ, ಎಷ್ಟು ಜನ ಎಂದೂ ಕೇಳುವುದಿಲ್ಲ. ತಿನ್ನಿಸದೆ ಯಾರನ್ನೂ ಕಳಿಸುವುದಿಲ್ಲ. ಮಠಕ್ಕೆ ಇರುವುದು ಇದೊಂದೇ ನೇಮ.

ಆ ನೇಮ ಒಮ್ಮೆ ತಪ್ಪಿತ್ತು. ಹೋದ ವರ್ಷ ಒಂದು ಬೆಳಗ್ಗೆ ಹಿಟ್ಟು ರುಬ್ಬುವ ಗ್ರೈಂಡರ್ ಗರ್ ಎಂದು ನಿಂತೇಹೋಯಿತು. ರಿಪೇರಿಯವನು ಬರುವಷ್ಟರಲ್ಲಿ ಬಿಸಿಲೇರಿತು. ಹನ್ನೊಂದು ಜನ ಕಾದು ಕಾದು, ನೀರು ಕುಡಿದು ಎದ್ದು ಹೋದರು. ಅವರಲ್ಲೊಬ್ಬಳು ಬಸುರಿ. "ಪರವಾಗಿಲ್ಲ ಬಿಡಣ್ಣ" ಎಂದು ಅವಳೇ ಇವನಿಗೆ ಸಮಾಧಾನ ಹೇಳಿದಳು. ಬೈದು ಹೋಗಿದ್ದರೂ ಚೆನ್ನಂಜಯ್ಯನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಗ್ರೈಂಡರ್ ಮತ್ತೆ ಸರಿಯಾಗಲಿಲ್ಲ. ಆಮೇಲೆ ಒಂದು ಒರಳುಕಲ್ಲು ತಂದು ಹಾಕಿಸಿದ. ಅದು ಹತ್ತಿಪ್ಪತ್ತು ಜನಕ್ಕೆ ಸಾಕಾಗುತ್ತಿತ್ತು. ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಡುವ ಜನಕ್ಕಾದರೆ ರಾತ್ರಿಯಿಡೀ ರುಬ್ಬಬೇಕಿತ್ತು. ಅವನ ಕಷ್ಟ ನೋಡಿ ಭಕ್ತರೊಬ್ಬರು ಬುದ್ಧಿಯವರ ಹೆಸರಿನಲ್ಲಿ ಹೊಸ ಗ್ರೈಂಡರ್ ಕೊಡಿಸಿದರು.

ಅಂಗಡಿಯವನು ಜೊತೆಗೆ ಒಂದು ಮಾತು ಹೇಳಿದ. ಕಂಪನಿಯ ವಾರಂಟಿ ಒಂದೇ ವರ್ಷ. ಇನ್ನಷ್ಟು ದುಡ್ಡು ಕಟ್ಟಿದರೆ ಐದು ವರ್ಷ ಯಾವ ಚಿಂತೆಯೂ ಇಲ್ಲ, ಕೆಟ್ಟರೆ ಅವರೇ ಬಂದು ಸರಿ ಮಾಡಿಕೊಡುತ್ತಾರೆ. ಹದಿನೈದು ದಿನದೊಳಗೆ ಫಾರಂ ತುಂಬಿ ಕೊಟ್ಟರೆ ಆಯಿತು.

ಚೆನ್ನಂಜಯ್ಯನ ಕಿವಿಗೆ ಬಿದ್ದದ್ದು 'ಯಾವ ಚಿಂತೆಯೂ ಇಲ್ಲ' ಎನ್ನುವುದೊಂದೇ. ವಾರಂಟಿ ಕೈಗೆ ಬರುವವರೆಗೆ ಪೆಟ್ಟಿಗೆ ಬಿಚ್ಚುವುದೇ ಬೇಡ ಎಂದು ತೀರ್ಮಾನಿಸಿಬಿಟ್ಟ. ಹೊಸ ಯಂತ್ರ ರಟ್ಟಿನೊಳಗೆ ತಣ್ಣಗೆ ಕೂತಿತ್ತು. ಅದರ ಪಕ್ಕದಲ್ಲೇ ಇವನು ಒರಳಿನಲ್ಲಿ ರುಬ್ಬಿ ರುಬ್ಬಿ ರಟ್ಟೆ ನೋಯಿಸಿಕೊಳ್ಳುತ್ತಿದ್ದ. ನೋಡಿದವರು ನಗುತ್ತಿದ್ದರು.

ಹನ್ನೆರಡನೆಯ ದಿನ ಫಾರಂ ಹಿಡಿದು ಅವರ ಮುಂದೆ ನಿಂತ. ರುಜು ಅವರದೇ ಆಗಬೇಕಿತ್ತು.

ಬುದ್ಧಿಯವರು ಕನ್ನಡಕ ಹಾಕಿಕೊಂಡು ನೋಡಿದರು. ಇಂಗ್ಲಿಷಿನಲ್ಲಿದ್ದದ್ದನ್ನು ಚೆನ್ನಂಜಯ್ಯ ಸಾಲು ಸಾಲಾಗಿ ಬಿಡಿಸಿ ಹೇಳಿದ. ಎರಡು ಸಾಲು ಬಿಟ್ಟು ಮುಂದೆ ಹೋದ. ಬುದ್ಧಿಯವರ ಬೆರಳು ಸರಿಯಾಗಿ ಅಲ್ಲಿಗೇ ಬಂತು.

"ಇದೇನು?"

"ಮನೆ ಬಳಕೆಗೆ ಅಂತ, ಬುದ್ಧಿ. ಮನೆ ಬಳಕೆಗಾದ್ರೆ ಮಾತ್ರ ಐದು ವರ್ಷದ್ದು ಕೊಡೋದಂತೆ."

"ಅದರ ಕೆಳಗೆ?"

"ಮನೇಲಿರೋರು ಎಷ್ಟು ಜನ ಅಂತ."

"ಎಷ್ಟು ಬರ್ದಿದ್ದೀಯ?"

"ನಾಲ್ಕು."

ಗುರು ಶಿಷ್ಯರಿಬ್ಬರೂ ಮನೆ ಮಠ ಬಿಟ್ಟು ಈ ಮಠಕ್ಕೆ ಬಂದವರು. ಉಳಿದ ಇಬ್ಬರು ಯಾರೆಂದು ಬುದ್ಧಿಯವರು ಕೇಳಲಿಲ್ಲ. ಚೆನ್ನಂಜಯ್ಯನೇ ಸಮಜಾಯಿಷಿಗೆ ಇಳಿದ. ಎಲ್ಲರೂ ಹಾಗೇ ಬರೆಯುವುದಂತೆ, ಅಂಗಡಿಯವನೇ ಹೇಳಿಕೊಟ್ಟದ್ದು ಎಂದ. ತನಗೋಸ್ಕರ ಅಲ್ಲ, ಮತ್ತೆ ಯಾರೂ ಹಸಿದು ಹೋಗಬಾರದು ಅಂತ ಎಂದ. ಅದಂತೂ ನಿಜವಾಗಿತ್ತು.

"ಆಯ್ತಪ್ಪ. ನಾಳೆ ಕೆಟ್ಟಿತು ಅಂತಿಟ್ಕೊ. ಅವರು ಬಂದ್ರು. ಯಾವ ಮನೆ ತೋರಿಸ್ತೀಯ?"

ಚೆನ್ನಂಜಯ್ಯ ಫಾರಂ ವಾಪಸು ತೆಗೆದುಕೊಳ್ಳಲು ಕೈ ಚಾಚಿದ.

ಬುದ್ಧಿಯವರು ಫಾರಂ ಮಡಿಸಿ ಪಕ್ಕಕ್ಕಿಟ್ಟುಕೊಂಡರು. ನಾಳೆ ರುಜು ಹಾಕುತ್ತೇನೆ ಎಂದರು. ಆದರೆ ನಾಳೆ ಬೆಳಗ್ಗೆ ನಾಲ್ಕು ಜನಕ್ಕೆ ಮಾತ್ರ ದೋಸೆ ಆಗಬೇಕು ಎಂದರು.

"ನಾಳೆ ಅಮಾವಾಸ್ಯೆ, ಬುದ್ಧಿ."

"ಬರ್ದ ಹಾಗೆ ನಡ್ಕೋಬೇಕಲ್ಲಯ್ಯ."

ಗುರುಗಳ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ನಾಲ್ಕು ಜನಕ್ಕಾಗುವಷ್ಟು ಹೆಸರುಕಾಳು ನೆನೆಹಾಕಿ ಮಲಗಿದ. ನಿದ್ದೆ ಬರಲಿಲ್ಲ.

ಬೆಳಗಾಗುತ್ತಲೇ ಜನ ಬಂದರು. ಒದ್ದೆ ತಲೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಗಂಟು. ಜಗುಲಿ ತುಂಬಿ ಅಂಗಳಕ್ಕಿಳಿಯಿತು ಸಾಲು. ಬುದ್ಧಿಯವರೂ ಎಂದಿನಂತೆ ಸಾಲಿನ ಕೊನೆಯಲ್ಲಿ ಎಲ್ಲರ ಜೊತೆ ಕೂತರು.

ಚೆನ್ನಂಜಯ್ಯ ನಾಲ್ಕು ಎಲೆ ಹಿಡಿದು ಬಂದ.

"ಹಾಕು. ನಮ್ಮ ಮನೆಯೋರು ಯಾರು ಅಂತ ನೋಡಿ ಹಾಕು" ಎಂದರು ಬುದ್ಧಿಯವರು.

ಅವನು ಸಾಲಿನ ಉದ್ದಕ್ಕೂ ನಡೆದ. ಒಬ್ಬ ಮುದುಕ ಬೊಬ್ಬೆ ಬಂದ ಕಾಲು ಚಾಚಿ ಕೂತಿದ್ದ. ಪುಟ್ಟ ಹುಡುಗಿಯೊಬ್ಬಳು ಎಲೆ ಹಾಕುವ ಜಾಗವನ್ನು ಅಂಗೈಯಿಂದ ಒರೆಸಿ ಇಟ್ಟುಕೊಂಡಿದ್ದಳು. ಅವಳ ತಾಯಿ ಇವನ ಕೈಯಲ್ಲಿದ್ದ ನಾಲ್ಕು ಎಲೆ ನೋಡಿದಳು, ಸಾಲು ನೋಡಿದಳು, ಮಗಳ ಕೈ ಹಿಡಿದು ಏಳಲು ಹೊರಟಳು. ಇನ್ನೊಂದು ಗಳಿಗೆ ತಡೆದರೆ ಇವಳೂ ಪರವಾಗಿಲ್ಲ ಬಿಡಣ್ಣ ಅನ್ನುತ್ತಾಳೆ ಎಂದು ಅವನಿಗೆ ಗೊತ್ತಾಯಿತು.

"ಕೂತ್ಕೊಳವ್ವ" ಎಂದ. ಎಲೆಗಳನ್ನು ಅಲ್ಲೇ ಹಾಕಿ ಒಳಗೆ ಓಡಿದ.

ಚಾಕು ತೆಗೆದುಕೊಂಡು ರಟ್ಟಿನ ಪೆಟ್ಟಿಗೆ ಸೀಳಿದ. ಗ್ರೈಂಡರ್ ಎಳೆದು ತೊಳೆದ. ಆಮೇಲೆ ನೆನಪಾಯಿತು, ಇಷ್ಟು ಜನಕ್ಕೆ ರುಬ್ಬಲು ಕಾಳೆಲ್ಲಿದೆ? ಗಾಬರಿಯಲ್ಲಿ ಹಿತ್ತಲಿಗೆ ಬಂದರೆ ಬಾವಿಕಟ್ಟೆಯ ಮೇಲೆ ದೊಡ್ಡ ಹಂಡೆ. ಅದರ ತುಂಬ ಹೆಸರುಕಾಳು ನೆನೆದು ಉಬ್ಬಿ ಕೂತಿತ್ತು.

ಮಠದಲ್ಲಿ ಇವನನ್ನು ಬಿಟ್ಟರೆ ಇರುವುದು ಇನ್ನೊಬ್ಬರೇ. ಆ ವಯಸ್ಸಿನಲ್ಲಿ ಅಷ್ಟು ನೀರು ಸೇದಿದ್ದು ಹೇಗೆ, ಯಾವಾಗ? ಶಿಷ್ಯನಿಗೆ ಬುದ್ಧಿ ಬರಲೆಂದು ಕೂಡ ಅವರು ಯಾರ ಹೊಟ್ಟೆಯನ್ನೂ ಕಾಯಿಸುವವರಲ್ಲ. ಇಂಥವರ ಹತ್ತಿರ ಒಂಬತ್ತು ವರ್ಷ ಇದ್ದೆನಲ್ಲ ಎಂದು ಚೆನ್ನಂಜಯ್ಯನ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಕೈ ಮುಗಿಯಬೇಕೆನಿಸಿತು. ಪುರುಸೊತ್ತಿರಲಿಲ್ಲ.

ಗ್ರೈಂಡರ್ ತಿರುಗಿತು. ಮೂರು ಒಲೆಯ ಮೇಲೆ ಮೂರು ಕಾವಲಿ ಏರಿತು. ಸಾಲಿನಲ್ಲಿದ್ದ ಹೆಂಗಸರಿಬ್ಬರು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು ಸೌಟು ಹಿಡಿದರು. ಆ ದಿನ ತಿನ್ನದೆ ಹೋದವರು ಒಬ್ಬರೂ ಇಲ್ಲ. ಕೊನೆಯ ದೋಸೆ ತಿಂದವರು ಬುದ್ಧಿಯವರು.

ಕೈ ತೊಳೆದು ಬಂದು ಫಾರಂ ಬಿಡಿಸಿದರು. "ಕೊಡು ಪೆನ್ನು. ರುಜು ಹಾಕ್ತೀನಿ ಅಂದಿದ್ದೆನಲ್ಲ."

"ತಾಳಿ ಬುದ್ಧಿ." ಚೆನ್ನಂಜಯ್ಯ ಫಾರಂ ತೆಗೆದುಕೊಂಡು ನಾಲ್ಕನ್ನು ಹೊಡೆದುಹಾಕಿದ. ಅಲ್ಲಿ ಏನು ಬರೆಯುವುದೋ ತಿಳಿಯಲಿಲ್ಲ.

"ಇವತ್ತು ಎಷ್ಟು ಜನ ಬಂದಿದ್ರು?"

"ಎಣಿಸಿಲ್ಲ ಬುದ್ಧಿ."

"ಹಾಗೇ ಬರಿ."

'ಎಣಿಸಿಲ್ಲ' ಎಂದು ಬರೆದ. ಮನೆ ಬಳಕೆಗೆ ಎಂಬುದನ್ನೂ ಹೊಡೆದು 'ಬಂದವರಿಗೆ' ಎಂದು ಬರೆದ. ಬುದ್ಧಿಯವರು ದುಂಡಗೆ ರುಜು ಹಾಕಿದರು.

ಫಾರಂ ಒಯ್ದು ಕೊಟ್ಟಾಗ ಅಂಗಡಿಯವನು ಓದಿ ನಕ್ಕ. ಮತ್ತೊಮ್ಮೆ ಓದಿದಾಗ ನಗಲಿಲ್ಲ. ಎಲ್ಲೋ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಕೊನೆಗೆ ಫಾರಂ ಎರಡೂ ಕೈಯಲ್ಲಿ ಹಿಡಿದು, ದೊಡ್ಡವರಿಗೆ ಕೊಡುವ ಹಾಗೆ, ವಾಪಸು ಕೊಟ್ಟ.

ಚೆನ್ನಂಜಯ್ಯ ಮಠಕ್ಕೆ ಬಂದಾಗ ಸಂಜೆಯಾಗಿತ್ತು. ಬುದ್ಧಿಯವರು ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

"ಕಂಪನಿಯೋರು ಕೊಡಲ್ವಂತೆ ಬುದ್ಧಿ. ದಿನಾ ಎಷ್ಟು ಜನ ಬರ್ತಾರೆ ಅಂತ ಗೊತ್ತಿಲ್ಲದ ಮನೆಗೆ ಯಾರೂ ವಾರಂಟಿ ಕೊಡಕ್ಕಾಗಲ್ಲ ಅಂದ್ರಂತೆ."

ಬುದ್ಧಿಯವರು ತಲೆಯಾಡಿಸಿದರು. ಆ ಮಾತು ನ್ಯಾಯವಾಗಿಯೇ ಇದೆ ಎಂಬಂತಿತ್ತು ಅವರ ಮುಖ.

ಚೆನ್ನಂಜಯ್ಯನ ಅಳುಕು ಇನ್ನೂ ಹೋಗಿರಲಿಲ್ಲ.

"ಒಂದಿನ ಮತ್ತೆ ನಿಂತುಹೋದ್ರೆ, ಬುದ್ಧಿ?"

"ನಮ್ಮ ಗುರುಗಳು ಈ ಅಡುಗೆಮನೆ ನನ್ನ ಕೈಗೆ ಒಪ್ಪಿಸಿದಾಗ್ಲೂ ಯಾರೂ ಏನೂ ಬರ್ದುಕೊಟ್ಟಿರ್ಲಿಲ್ಲ ಕಣಪ್ಪ. ಹೊತ್ತಾಯ್ತು, ಏಳು. ನಾಳೆಗೆ ಕಾಳು ನೆನೆಹಾಕು."