ಮಹಾರುದ್ರ ನಟ್ಟು ಬಿಚ್ಚಿದ್ದು

ಸೋಮವಾರ ಎಂದಿನಂತೆಯೇ ಬಂತು. ಹರಿಹರದ ಕೊಟ್ರಮ್ಮ ಎಂದಿನಂತೆಯೇ ನಸುಕಿಗೆದ್ದು ಜೋಳದ ರೊಟ್ಟಿ ಬಡಿದಳು, ಖಡಕ್ಕಾಗಿ ಸುಟ್ಟು ಬುಟ್ಟಿಗಳಲ್ಲಿ ಜೋಡಿಸಿದಳು, ಹಾಸ್ಟೆಲ್ಲಿಗೆ ಒಯ್ಯಲು ಹೊರಗೆ ಬಂದಳು. ಕಾರಿನ ಮುಂದಿನ ಚಕ್ರ ಗಾಳಿಯಿಲ್ಲದೆ ನೆಲಕ್ಕೆ ಅಂಟಿ ಕೂತಿತ್ತು.

ಇಂಥದ್ದನ್ನೆಲ್ಲ ಮನೆಯಂಗಳದಲ್ಲೇ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡು ವರ್ಷವಾಗಿತ್ತು. ಉಳಿದವನು ಮಗ ಮಹಾರುದ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅವನ ತೊಂದರೆಯೇ ಅದು. ಚಕ್ರ ಬಿಚ್ಚೆಂದಳು; ನಟ್ಟಿಗೆ ಪಾನಾ ಸಿಕ್ಕಿಸಿ ಅದರ ಮೇಲೆ ಹತ್ತಿ ಕುಣಿದ. ನಟ್ಟು ಮಿಸುಕಲಿಲ್ಲ. ರೊಟ್ಟಿ ಆಟೋದಲ್ಲಿ ಹೋಯಿತು. ಅರ್ಧ ಪುಡಿಯಾಗಿ, ಹೊತ್ತು ಮೀರಿ ತಲುಪಿತು.

"ಮುಂದಿನ ಸರದಿ ಗುರುವಾರ. ಅವತ್ತೂ ಹೀಗೇ ಆದರೆ ಬೇರೆಯವರ ಹತ್ತಿರ ತರಿಸ್ತೀನಿ ನೋಡಮ್ಮ," ಎಂದರು ವಾರ್ಡನ್. ಆ ಹಾಸ್ಟೆಲ್ ಬಿಟ್ಟರೆ ಕೊಟ್ರಮ್ಮನಿಗೆ ಬೇರೆ ಗಿರಾಕಿ ಇರಲಿಲ್ಲ.

"ನಟ್ಟು ಬಿಚ್ಚೋ ಬ್ಯಾಟರಿ ಮಷಿನ್ ಸಿಗ್ತೈತಿ, ಇಂಪ್ಯಾಕ್ಟ್ ರೆಂಚ್ ಅಂತಾರೆ. ಒಂದು ತರಿಸಿಬಿಡು ತಂಗಿ," ಎಂದ ಎದುರುಮನೆಯ ಪರಸಪ್ಪ.

ಕೊಟ್ರಮ್ಮ ಮಗನನ್ನು ಕರೆದಳು. "ನಾನೂ ಹಿಡಿಯೋ ಹಂಗಿರಬೇಕು. ಕೈಯಾಗೆ ಎತ್ತಿ ನೋಡಿ, ಎಲ್ಲಕ್ಕಿಂತ ಹಗುರ ಇರೋದು ತಾ."

ಹೋದ, ಎತ್ತಿ ನೋಡಿದ, ತಂದ. ಗುಂಡಿ ಒತ್ತಿದರೆ ಸದ್ದಿಲ್ಲ.

"ಬ್ಯಾಟರಿ ಎಲ್ಲೋ?"

"ಅಂಗಡಿಯವನು ಕೊಟ್ಟ ಅವ್ವ. ಹಾಕಿದರೆ ಭಾರ ಆಗ್ತಿತ್ತು. ನಾನೇ ಬ್ಯಾಡ ಅಂದೆ."

"ಅಯ್ಯೋ ನನ್ನ ಹೊಟ್ಟೆಯಾಗೆ ಹುಟ್ಟಿದವನೇ, ತೂಕ ಕಟ್ಟಿಕೊಂಡು ಏನು ಮಾಡ್ತಿ? ಬಲ ನೋಡಬೇಕಪ್ಪ, ಬಲ. ಅಂಗಡಿಯಾಗೆ ಎಲ್ಲಕ್ಕಿಂತ ಬಲ ಇರೋದನ್ನ ತಾ."

ಹೋದ, ಬಲ ಕೇಳಿದ, ಹೆಗಲ ಮೇಲೆ ಹೊತ್ತು ತಂದ. ಲಾರಿ ಚಕ್ರಕ್ಕೆ ಹಾಕುವ ಮಷಿನ್ ಅದು. ಅದರ ಬಾಯಿಯನ್ನು ಕಾರಿನ ನಟ್ಟಿನ ಮೇಲಿಟ್ಟರೆ ಹಸುಗೂಸಿನ ತಲೆಗೆ ತಾತನ ಟೋಪಿ ಹಾಕಿದಂತಾಯಿತು.

"ಅಂಗಡಿಯವನು ಏನೂ ಅನ್ನಲಿಲ್ವಾ?"

"ಲಾರಿ ಐತೇನು ಅಂದ. ಇಲ್ಲ, ಅವ್ವ ಅದಾಳೆ ಅಂದೆ."

"ಥೂ ನಿನ್ನ. ಬಲ ಇದ್ದರೆ ಸಾಕೇನೋ? ನಟ್ಟಿಗೆ ಹೊಂದಬೇಕು. ಒಂದು ನಟ್ಟು ಅಂಗಡಿಗೆ ಒಯ್ದು, ಹಾಕಿ ನೋಡಿ ತಾ, ಹೋಗು."

ಬುಧವಾರ ಸಂಜೆ ಸರಿಯಾದ ಮಷಿನ್ ಬಂತು. ಬ್ಯಾಟರಿಯೂ ಇತ್ತು, ಅಳತೆಯೂ ಹೊಂದಿತು. ಕೊಟ್ರಮ್ಮ ಉಸಿರು ಬಿಡುವಷ್ಟರಲ್ಲಿ ಪರಸಪ್ಪ ಮುಖ ಕೆಂಪಗೆ ಮಾಡಿಕೊಂಡು ಬಂದ.

"ನೋಡು ತಂಗಿ, ನಿನ್ನ ಮಗ ನನ್ನ ಕಾರಿನ ನಟ್ಟು ಬಿಚ್ಚಿಕೊಂಡು ಹೋಗ್ಯಾನೆ."

"ನಮ್ಮದು ಬಿಗಿ ಐತಲ್ಲ ಮಾವ," ಎಂದ ಮಹಾರುದ್ರ. "ನಿಮ್ಮದೂ ಇಂಥದ್ದೇ ಕಾರು. ಸಲೀಸಾಗಿ ಬಂತು."

ಕೊಟ್ರಮ್ಮ ಮಗನ ಕಿವಿ ಹಿಂಡಿದಳು. "ಬುದ್ಧಿ ಎಲ್ಲಿಟ್ಟೀಯೋ? ಗಾಡಿ ಯಾರದೋ ಅವರನ್ನ ಕೇಳು. ಅವರು ಹೂಂ ಅಂದ ಮೇಲೆ ನಟ್ಟು ಮುಟ್ಟು. ಅಲ್ಲೀತನಕ ಮುಟ್ಟಿದರೆ ನನ್ನ ಮೇಲೆ ಆಣೆ."

ಗುರುವಾರ ಬೆಳಿಗ್ಗೆ ಬುಟ್ಟಿಗಳು ಸಿದ್ಧವಾದವು. ಚಕ್ರ ಹಾಗೇ ಇತ್ತು. ಮಹಾರುದ್ರ ನಡುಮನೆಯಲ್ಲಿ, ಅಪ್ಪನ ಫೋಟೋದ ಮುಂದೆ, ಮಷಿನ್ ತಬ್ಬಿಕೊಂಡು ಕೂತಿದ್ದ. ಫೋಟೋದ ನೆತ್ತಿಗೆ ನೀರಲ್ಲಿ ಅದ್ದಿ ಅಂಟಿಸಿದ ಒಂದು ಸೇವಂತಿಗೆ.

"ಗಾಡಿ ಅಪ್ಪನದು," ಎಂದ. "ಕೇಳೀನಿ. ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಗುಡಿಯಾಗೆ ದೇವರನ್ನ ಹಿಂಗೇ ಕೇಳ್ತಾರಲ್ಲ."

"ಕೊಡೋ ಇಲ್ಲಿ, ನಾನೇ ಬಿಚ್ತೀನಿ."

"ಆಣೆ ಇಟ್ಟೀಯಲ್ಲ ಅವ್ವ. ಆಣೆ ಮುರಿದರೆ ನೀನೂ ಅಪ್ಪನ ಹಂಗೆ ಹೋಗ್ತಿ. ಕೊಡಲ್ಲ."

ಎಳೆದಳು, ಅವನು ಬಿಡಲಿಲ್ಲ. ಮೂವತ್ತರ ಗಂಡಾಳು, ಬಿಡಿಸುವುದಾದರೂ ಹೇಗೆ? ಹಾಸ್ಟೆಲ್ಲಿನಿಂದ ಫೋನು ಬಂತು. ಕೊಟ್ರಮ್ಮನ ಸಿಟ್ಟು ಮಗನನ್ನು ದಾಟಿ ಫೋಟೋಕ್ಕೆ ತಗಲಿತು.

"ನೋಡ್ತಾ ಕೂತೀರಲ್ಲ, ನಿಮಗಾದರೂ ನ್ಯಾಯ ಐತಾ? ಇರೋವಾಗಲೂ ಒಂದು ಮಾತಿಗೆ ನೆಟ್ಟಗೆ ಹೂಂ ಅಂದವರಲ್ಲ. ಹೇಳದೆ ಕೇಳದೆ ಹೋದ್ರಿ. ಈ ಮಗನ್ನ, ಈ ಕಾರನ್ನ, ಎಲ್ಲ ನನ್ನ ತಲೆಗೆ ಕಟ್ಟಿ ಹೋದ್ರಿ. ಇವತ್ತೊಂದು ದಿನ ಹೂಂ ಅನ್ರಿ."

ಫೋನು ಮತ್ತೆ ಬಡಿದುಕೊಂಡಿತು. ತಾಯಿ ಮಗ ಇಬ್ಬರೂ ಹೂವನ್ನೇ ನೋಡುತ್ತ ಕೂತರು.

ಹೂವು ಎಡಕ್ಕೆ ಬಿತ್ತು.